ನಾಲ್ಕನೇ ಚೌಕ

ಮೊದಲು ಹಾಳೆಯನ್ನು ಅಡ್ಡ ಮಡಿಸಿದೆ, ಆಮೇಲೆ ಉದ್ದ.
ನಾಲ್ಕು ಚೌಕ. ಪ್ರಬಂಧಕ್ಕೂ ಅಷ್ಟೇ ಸಾಕು ಅಂದುಕೊಂಡೆ:
ಪೀಠಿಕೆ, ಹಿನ್ನೆಲೆ, ವಿಶ್ಲೇಷಣೆ, ಮತ್ತೆ
ಎಲ್ಲರೂ ನಿದ್ದೆ ಹೋದ ಮೇಲೆ ಬರುವ ಉಪಸಂಹಾರ.

ವಿಷಯ: ‘ಚೌಡಪ್ಪನ ತಕ್ಕಡಿ’.
ಶಿಡ್ಲಘಟ್ಟದ ವಾರಪತ್ರಿಕೆಯ ಕೊನೇ ಪುಟದಲ್ಲಿ
ಹನ್ನೊಂದು ವರ್ಷ, ಗುರುವಾರ ತಪ್ಪದೆ ಬಂದ ಚಿತ್ರಪಟ್ಟಿ.
ಬರೆದವರು ಪ್ಯಾರೇಜಾನ್, ಅಂಗಡಿ ಬೋರ್ಡು ಬರೆಯುವವರು.
ಪತ್ರಿಕೆಯ ಆಫೀಸಿನಲ್ಲಿ ಒಂದು ಪ್ರತಿಯೂ ಇಲ್ಲ.
ಸಿಕ್ಕಿದ್ದು ಮೇಲೂರಿನ ಹುಳುಮನೆಯಲ್ಲಿ, ತಟ್ಟೆಗೆ ಹಾಸಿದ್ದು;
ಮೂರನೇ ಜ್ವರಕ್ಕೆ ಕೂತ ಹುಳಗಳು
ಚೌಡಪ್ಪನ ಮೇಲೆ ಮಲಗಿದ್ದವು.
ಹಿಕ್ಕೆ ಕೊಡವಿ, ಸೊಪ್ಪಿನ ಕಲೆ ಒರೆಸಿ, ಇಸ್ತ್ರಿ ಹಾಕಿ
ನೂರಾ ನಲವತ್ತು ವಾರ ಜೋಡಿಸಿದ್ದೇನೆ.

ಮೂರು ಚೌಕದಲ್ಲಿ ಚೌಡಪ್ಪ ಮಾತಾಡುತ್ತಾನೆ,
ಗೂಡು ತಂದವನಿಗೆ ಮೋಡದ ನೀತಿ, ರೇಟಿನ ವೇದಾಂತ.
ನಾಲ್ಕನೆಯದರಲ್ಲಿ ಬಾಯಿ ಮುಚ್ಚಿ
ನಮ್ಮನ್ನೇ ನೋಡುತ್ತಾನೆ.
ಈ ನೋಟಕ್ಕೆ ನಾನು ಹೆಸರಿಟ್ಟಿದ್ದೆ: ಮೌನದ ಮೀಮಾಂಸೆ.
ಕೆಳಗೆ ಎರಡು ಗೆರೆ, ಕೆಂಪಲ್ಲಿ.

ಓದುವವರು ಯಾರು? ಅಂಚಿನಲ್ಲಿ ಬರೆದುಕೊಂಡೆ.
ಸೆಮಿನಾರಿನ ಮುಂದಿನ ಸಾಲು, ಗೂಡು ಎಂದರೆ
ಹಕ್ಕಿಯದೇ ಅನ್ನುವವರು. ಅವರಿಗೆ ಅಡಿಟಿಪ್ಪಣಿ.
ನನ್ನ ಸೆಕೆಂಡ್ ಪಿಯು ಹುಡುಗರು. ಅವರದು ಒಂದೇ ಪ್ರಶ್ನೆ,
‘ಎಷ್ಟು ಮಾರ್ಕ್ಸಿಗೆ ಮಿಸ್?’
ಹಿಂದಿನ ಬೀದಿಯ ಗುಲ್ಜಾರ್ ಬಾನು ಹೆಸರು
ಸೇರಿಸಿದ್ದು ಆಮೇಲೆ, ಬೇರೆ ಪೆನ್ನಲ್ಲಿ.

ಬಿಚ್ಚಾಣಿಕೆಯ ಬಿಸಿನೀರಿಗೆ ಬೆರಳು ಬೆಳ್ಳಗೆ ಬೆಂದವರು.
ಕಾಗದ ಮುಟ್ಟದೆ, ಒದ್ದೆ ಕೈ ಬೆನ್ನ ಹಿಂದೆ ಕಟ್ಟಿ
ಬಗ್ಗಿ ನೋಡಿದರು. ಒಂದಕ್ಷರ ಓದುವ ಮುಂಚೆ ನಕ್ಕರು.
‘ಯಾಕೆ?’
‘ಜೇಬು ನೋಡಿ ಮೇಡಂ.’

ಮೊದಲ ಚೌಕದಲ್ಲಿ ಬುಟ್ಟಿಯ ಗೂಡು ಗೋಪುರ.
ಎರಡರಲ್ಲಿ ಗೋಪುರಕ್ಕೆ ಸಣ್ಣ ತಗ್ಗು. ಮೂರರಲ್ಲಿ ಸಪಾಟು.
ನಾಲ್ಕರಲ್ಲಿ ಚೌಡಪ್ಪನ ಅಂಗಿಯ ಜೇಬು
ಹಲ್ಲುನೋವಿನ ಕೆನ್ನೆಯ ಹಾಗೆ ಊದಿದೆ.
‘ಸ್ಯಾಂಪಲ್ ಅಂತ ಒಂದು ಹಿಡಿ ತಗೋತಾರಲ್ಲ, ಅದು.
ಮಾತಲ್ಲಿ ನಮ್ಮನ್ನ ಕಟ್ಟಿಹಾಕಿ, ಕೈ ಆ ಕಡೆ.
ಬಾಯಿ ಯಾಕೆ ಮುಚ್ಚಿದಾನೆ? ಕೆಲಸ ಮುಗೀತು!’

ನೂರಾ ನಲವತ್ತು ವಾರ ತಿರುವಿ ಹಾಕಿದೆ.
ನೂರಾ ನಲವತ್ತು ಜೇಬು.
ನನ್ನ ಕೆಂಪು ಗೆರೆಗಳು ಹಾಗೇ ಬಿದ್ದಿದ್ದವು,
ಹರಾಜು ಮುಗಿದ ಮಾರ್ಕೆಟ್ಟಿನಲ್ಲಿ ಮೂಟೆಯ ದಾರದಂತೆ.

ಪ್ಯಾರೇಜಾನರು ದಿಬ್ಬೂರಹಳ್ಳಿ ರಸ್ತೆಯಲ್ಲಿ ಸಿಕ್ಕರು,
ಏಣಿ ಮೇಲೆ ನಿಂತು ಒಂದು ಕೋಳಿಗೆ ಕಣ್ಣು ಬರೆಯುತ್ತಾ.
ಕೆಳಗಿನಿಂದಲೇ ಕೂಗಿ ಹೇಳಿದೆ, ಜೇಬಿನ ವಿಷಯ.
ಬ್ರಷ್ ನಿಂತಿತು. ‘ಎಷ್ಟನೇ ವಾರ ಕಂಡಿತು ನಿಮಗೆ?’
‘ಮೊದಲನೇ ವಾರವೇ’ ಅಂದೆ.
ಕೋಳಿ ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಿತ್ತು.

ಈಗ ರಾತ್ರಿ. ಹಾಳೆ ಮತ್ತೆ ಬಿಡಿಸಿದ್ದೇನೆ, ಮಡಿಕೆಯ ಗುರುತು ಹೋಗುತ್ತಿಲ್ಲ.
ಗೊತ್ತಿದ್ದವರಿಗೆ ಹೇಳಬೇಕಾದ್ದಿಲ್ಲ.
ಗೊತ್ತಿಲ್ಲದವರಿಗೆ ಹೇಳಿಬಿಟ್ಟರೆ ನಗು ಸಾಯುತ್ತದೆ,
ಬೇಯಿಸಿದ ಗೂಡಿನೊಳಗಿನ ಹುಳದ ಹಾಗೆ.
ನೂಲು ಸಿಕ್ಕುತ್ತದೆ, ನಿಜ.
ಓದುಗನನ್ನೂ ಮೊದಲು ಮಾತಲ್ಲಿ ಕಟ್ಟಿಹಾಕಲೇ?
ಪೀಠಿಕೆಗೆ ತಲೆದೂಗುತ್ತಿರುವಾಗ ಅವನ ಬುಟ್ಟಿಯಿಂದ
ಒಂದು ಹಿಡಿ ತೆಗೆದು, ಮೂರನೇ ಪುಟದಲ್ಲಿ
ತಗೊಳ್ಳಿ, ನಿಮ್ಮದೇ, ಎನ್ನಲೇ?
ಅಥವಾ ಸುಮ್ಮನೆ ಶುರುಮಾಡಲೇ: ನನಗೆ ಕಾಣಲಿಲ್ಲ,
ಕಂಡವರ ಹೆಸರು ಗುಲ್ಜಾರ್ ಬಾನು.

ಹೊರಡುವಾಗ ಅವರು ಕೇಳಿದ್ದು ಇದೊಂದೇ:
‘ನಿಮ್ಮ ಬರಹದಲ್ಲಿ ಚಿತ್ರ ಇರುತ್ತಾ, ಬರೀ ಮಾತಾ?’

ಮೊದಲ ಪುಟದ ನಡುವೆ
ಒಂದು ಹಿಡಿಯಷ್ಟು ಜಾಗ ಬಿಟ್ಟಿದ್ದೇನೆ.
ಅದರ ಸುತ್ತ ಏನು ಬರೆಯಬೇಕೋ, ನಾಳೆ.